ಏಷ್ಯಾ ಖಂಡದಲ್ಲಿ ಬೌದ್ಧಧರ್ಮದ ಆರಂಭಕಾಲದ ಪ್ರಸಾರ

1. ಪೀಠಿಕೆ

ಗಂಗಾ ನದಿಯ ಬಯಲಿನಲ್ಲಿ ಉದಯಿಸಿದ ಬೌದ್ಧಧರ್ಮವು ಸುಮಾರು ಒಂದು ಸಾವಿರ ವರ್ಷಗಳ ಅವಧಿಯಲ್ಲಿ ಶ್ರೀಲಂಕಾ, ಅಫ್ಘಾನಿಸ್ತಾನ, ಮಧ್ಯ ಏಷ್ಯಾ, ಚೀನಾ, ಕೊರಿಯಾ, ಜಪಾನ್, ಮ್ಯಾನ್ಮಾರ್, ಥಾಯ್ಲೆಂಡ್, ಇಂಡೋನೇಷ್ಯಾ ಹಾಗೂ ಟಿಬೆಟ್‌ಗಳವರೆಗೆ ವ್ಯಾಪಿಸಿತು. ಈ ಪ್ರಸಾರವು ಸೈನ್ಯದ ವಿಜಯದಿಂದ ಆದುದಲ್ಲ. ಭಿಕ್ಷುಗಳು, ಭಿಕ್ಷುಣಿಯರು, ವರ್ತಕರು, ನಾವಿಕರು, ಅನುವಾದಕರು ಮತ್ತು ಸಾಮಾನ್ಯ ದಾನಿಗಳು ಇದರಲ್ಲಿ ಪ್ರಮುಖ ಪಾತ್ರ ವಹಿಸಿರುತ್ತಾರೆ. ಕರ್ನಾಟಕದ ಮಸ್ಕಿ, ಬ್ರಹ್ಮಗಿರಿ, ಸನ್ನತಿ, ಕನಗನಹಳ್ಳಿ, ಬನವಾಸಿ ಮುಂತಾದ ಸ್ಥಳಗಳು ಈ ಇತಿಹಾಸದ ಮುಖ್ಯ ಸಾಕ್ಷ್ಯಗಳನ್ನು ಒದಗಿಸಿವೆ. ವಿದ್ಯಾರ್ಥಿಗಳು, ಪ್ರವಾಸಿಗರು ಹಾಗೂ ಸಂರಕ್ಷಿತ ಸ್ಮಾರಕಗಳ ಸುತ್ತಮುತ್ತ ವಾಸಿಸುವ ನಾಗರಿಕರ ತಿಳಿವಳಿಕೆಗಾಗಿ ಈ ವಿಷಯದ ಸಂಕ್ಷಿಪ್ತ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಉಗಮ ಮತ್ತು ಸಂಘದ ವ್ಯವಸ್ಥೆ

ಗೌತಮ ಬುದ್ಧನು ಇಂದಿನ ನೇಪಾಳಕ್ಕೆ ಸೇರಿದ ಲುಂಬಿನಿಯಲ್ಲಿ ಜನಿಸಿ, ಬೋಧಗಯೆಯಲ್ಲಿ ಜ್ಞಾನೋದಯ ಪಡೆದು, ಸಾರನಾಥದಲ್ಲಿ ಪ್ರಥಮ ಪ್ರವಚನ ನೀಡಿ, ಕುಶಿನಗರದಲ್ಲಿ ಪರಿನಿರ್ವಾಣ ಹೊಂದಿದನು. ಪರಿನಿರ್ವಾಣದ ವರ್ಷದ ಬಗ್ಗೆ ಭಿನ್ನಾಭಿಪ್ರಾಯವಿದೆ. ಶ್ರೀಲಂಕಾದ ಸಂಪ್ರದಾಯವು ಕ್ರಿ.ಪೂ. 544 ಎಂದೂ, ಹಿಂದಿನ ಇತಿಹಾಸಕಾರರು ಕ್ರಿ.ಪೂ. 483ರ ಸುಮಾರು ಎಂದೂ ಹೇಳಿದ್ದು, ಇತ್ತೀಚಿನ ಹಲವು ವಿದ್ವಾಂಸರು ಕ್ರಿ.ಪೂ. 400ರ ಆಸುಪಾಸು ಎಂದು ಅಭಿಪ್ರಾಯಪಡುತ್ತಾರೆ.

ಈ ಧರ್ಮವು ದೂರದೇಶಗಳಿಗೆ ಹರಡಲು ಅನುಕೂಲವಾದ ಕೆಲವು ನಿಯಮಗಳು ಸಂಘದ ವಿನಯ ಗ್ರಂಥಗಳಲ್ಲಿಯೇ ಕಂಡುಬರುತ್ತವೆ. ಮೊದಲನೆಯದಾಗಿ, ಬುದ್ಧನ ವಚನಗಳನ್ನು ವೈದಿಕ ಭಾಷೆಯ ರೂಪಕ್ಕೆ ಅಳವಡಿಸಬೇಕೆಂಬ ಇಬ್ಬರು ಶಿಷ್ಯರ ಕೋರಿಕೆಯನ್ನು ಬುದ್ಧನು ನಿರಾಕರಿಸಿದನೆಂದು ವಿನಯಪಿಟಕವು ತಿಳಿಸುತ್ತದೆ. ಜನರ ಆಡುನುಡಿಗಳಲ್ಲಿ ಬೋಧಿಸಲು ಈ ನಿಲುವು ದಾರಿಮಾಡಿಕೊಟ್ಟಿತು. ಎರಡನೆಯದಾಗಿ, ಮಧ್ಯದೇಶದಲ್ಲಿ ಉಪಸಂಪದೆ, ಅಂದರೆ ಪೂರ್ಣ ಭಿಕ್ಷುದೀಕ್ಷೆ ನೀಡಲು ಹತ್ತು ಮಂದಿ ಭಿಕ್ಷುಗಳು ಇರಬೇಕಾಗಿದ್ದು, ಗಡಿನಾಡುಗಳಲ್ಲಿ ವಿನಯ ಬಲ್ಲ ಒಬ್ಬರು ಸೇರಿ ಐದು ಮಂದಿ ಇದ್ದರೆ ಸಾಕೆಂದು ನಿಯಮವನ್ನು ಸಡಿಲಿಸಲಾಯಿತು. ಹೀಗಾಗಿ ಐವರು ಭಿಕ್ಷುಗಳ ಒಂದು ಸಣ್ಣ ತಂಡವು ದೂರದ ನಾಡಿಗೆ ಹೋಗಿ, ಅಲ್ಲಿನ ಜನರಿಗೇ ದೀಕ್ಷೆ ನೀಡಿ ಸಂಘವನ್ನು ಬೆಳೆಸುವುದು ಸಾಧ್ಯವಾಯಿತು. ಮೂರನೆಯದಾಗಿ, ಮಳೆಗಾಲದ ಮೂರು ತಿಂಗಳು ಒಂದೆಡೆ ನೆಲೆಸಿ ಉಳಿದ ಅವಧಿಯಲ್ಲಿ ಸಂಚರಿಸುವ ಪದ್ಧತಿಯಿಂದಾಗಿ ವ್ಯಾಪಾರಮಾರ್ಗಗಳ ಬದಿಯಲ್ಲಿ ವಿಹಾರಗಳು ತಲೆಯೆತ್ತಿದವು.

3. ಸಾಮ್ರಾಟ ಅಶೋಕನ ಕಾಲ

ಮೌರ್ಯ ಸಾಮ್ರಾಟ ಅಶೋಕನು ಕ್ರಿ.ಪೂ. ಸುಮಾರು 268ರಿಂದ 232ರವರೆಗೆ ಆಳಿದನು. ಪಟ್ಟಾಭಿಷೇಕದ ಎಂಟನೆಯ ವರ್ಷದಲ್ಲಿ ನಡೆದ ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರೆಂದೂ, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತೆಂದೂ, ಇದಕ್ಕಿಂತ ಹಲವು ಪಟ್ಟು ಜನರು ಮಡಿದರೆಂದೂ ಆತನೇ 13ನೆಯ ಬೃಹತ್ ಶಿಲಾಶಾಸನದಲ್ಲಿ ಪಶ್ಚಾತ್ತಾಪದಿಂದ ಹೇಳಿಕೊಂಡಿದ್ದಾನೆ. ಅದೇ ಶಾಸನದಲ್ಲಿ ಚೋಳ, ಪಾಂಡ್ಯ ಹಾಗೂ ತಾಮ್ರಪರ್ಣಿಯ (ಶ್ರೀಲಂಕಾ) ಜೊತೆಗೆ ಅಂತಿಯೋಕ, ತುರಮಾಯ, ಅಂತಿಕಿನಿ, ಮಕ ಮತ್ತು ಅಲಿಕಸುದರ ಎಂಬ ಐವರು ಗ್ರೀಕ್ ಅರಸರ ಉಲ್ಲೇಖವಿದೆ. ಇವರು ಸಿರಿಯಾ, ಈಜಿಪ್ಟ್, ಮ್ಯಾಸಿಡೋನಿಯಾ ಮುಂತಾದ ರಾಜ್ಯಗಳ ಸಮಕಾಲೀನ ದೊರೆಗಳಾದುದರಿಂದ ಅಶೋಕನ ಕಾಲವನ್ನು ನಿರ್ಧರಿಸಲು ಈ ಶಾಸನವು ಮುಖ್ಯ ಆಧಾರವಾಗಿದೆ.

ಅಶೋಕನು ಶಾಸನಗಳನ್ನು ಆಯಾ ಪ್ರದೇಶದ ಜನರಿಗೆ ತಿಳಿಯುವಂತೆ ಬರೆಯಿಸಿದ್ದಾನೆ. ವಾಯವ್ಯದ ಶಾಹಬಾಜ್‌ಗಢಿ ಮತ್ತು ಮಾನ್ಸೆಹ್ರಾಗಳಲ್ಲಿ ಖರೋಷ್ಠಿ ಲಿಪಿಯೂ, ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳೂ ಬಳಕೆಯಾಗಿವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕಾಗಿದೆ. ಅಶೋಕನು ವೈಯಕ್ತಿಕವಾಗಿ ಬುದ್ಧನ ಅನುಯಾಯಿಯಾಗಿದ್ದನು. ಲುಂಬಿನಿಗೆ ತಾನೇ ಭೇಟಿ ನೀಡಿ ಆ ಗ್ರಾಮದ ತೆರಿಗೆಯನ್ನು ಕಡಿಮೆ ಮಾಡಿದನೆಂದು ಅಲ್ಲಿನ ಸ್ತಂಭಶಾಸನವು ತಿಳಿಸುತ್ತದೆ. ಆದರೆ ಬೃಹತ್ ಶಿಲಾಶಾಸನಗಳಲ್ಲಿ ಆತನು ಸಾರಿದ 'ಧಮ್ಮ'ವು ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಪರಮತ ಗೌರವ ಮುಂತಾದ ಸಾಮಾನ್ಯ ನೀತಿಗಳಿಂದ ಕೂಡಿದ್ದು, ಎಲ್ಲ ಪಂಥದವರಿಗೂ ಅನ್ವಯಿಸುವಂತಿದೆ. ಆದುದರಿಂದ ಅಶೋಕನ ದೂತರು ಹೋದ ಎಲ್ಲ ದೇಶಗಳಲ್ಲಿಯೂ ಆಗಲೇ ಬೌದ್ಧಧರ್ಮ ನೆಲೆಗೊಂಡಿತೆಂದು ಭಾವಿಸುವುದು ಸರಿಯಲ್ಲ.

4. ಧರ್ಮಪ್ರಸಾರಕ ತಂಡಗಳು

ಪಾಟಲೀಪುತ್ರದಲ್ಲಿ ಮೊಗ್ಗಲಿಪುತ್ತ ತಿಸ್ಸ ಥೇರನ ಅಧ್ಯಕ್ಷತೆಯಲ್ಲಿ ಮೂರನೆಯ ಸಂಗೀತಿ (ಮಹಾಸಭೆ) ನಡೆದು, ತರುವಾಯ ಒಂಬತ್ತು ಪ್ರದೇಶಗಳಿಗೆ ಥೇರರನ್ನು ಕಳುಹಿಸಲಾಯಿತೆಂದು ಶ್ರೀಲಂಕಾದ ಪಾಲಿ ಗ್ರಂಥವಾದ ಮಹಾವಂಸವು ವಿವರಿಸುತ್ತದೆ. ಅದರ ಪ್ರಕಾರ ವಿವರಗಳು ಈ ಕೆಳಕಂಡಂತಿವೆ:

ಅ) ಕಾಶ್ಮೀರ ಮತ್ತು ಗಾಂಧಾರ – ಮಜ್ಝಂತಿಕ
ಆ) ಮಹಿಷಮಂಡಲ – ಮಹಾದೇವ
ಇ) ವನವಾಸ – ರಕ್ಖಿತ
ಈ) ಅಪರಾಂತ – ಯೋನ ಧಮ್ಮರಕ್ಖಿತ
ಉ) ಮಹಾರಟ್ಠ – ಮಹಾಧಮ್ಮರಕ್ಖಿತ
ಊ) ಯೋನ (ಗ್ರೀಕ್) ಪ್ರದೇಶ – ಮಹಾರಕ್ಖಿತ
ಋ) ಹಿಮಾಲಯ ಪ್ರದೇಶ – ಮಜ್ಝಿಮ ಮತ್ತು ಸಂಗಡಿಗರು
ಎ) ಸುವಣ್ಣಭೂಮಿ – ಸೋಣ ಮತ್ತು ಉತ್ತರ
ಏ) ಲಂಕಾ – ಮಹಿಂದ ಮತ್ತು ಸಂಗಡಿಗರು

ಇವುಗಳ ಪೈಕಿ ವನವಾಸವು ಉತ್ತರ ಕನ್ನಡ ಜಿಲ್ಲೆಯ ಬನವಾಸಿ ಪ್ರದೇಶವೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿದೆ. ಮಹಿಷಮಂಡಲವು ಮೈಸೂರು ಪ್ರದೇಶವೆಂದು ಕೆಲವರೂ, ನರ್ಮದಾ ತೀರದ ಮಾಹಿಷ್ಮತಿಯ ಸುತ್ತಲಿನ ನಾಡೆಂದು ಕೆಲವರೂ ಅಭಿಪ್ರಾಯಪಟ್ಟಿರುತ್ತಾರೆ.

ಮಹಾವಂಸವು ರಚನೆಯಾದುದು ಅಶೋಕನ ಕಾಲದಿಂದ ಸುಮಾರು ಏಳು ಶತಮಾನಗಳ ನಂತರ. ಅಶೋಕನ ಶಾಸನಗಳಲ್ಲಿ ಮಹಿಂದನ ಹೆಸರಾಗಲಿ ಮೂರನೆಯ ಸಂಗೀತಿಯ ಪ್ರಸ್ತಾಪವಾಗಲಿ ಇಲ್ಲ. ಆದಾಗ್ಯೂ ಈ ವೃತ್ತಾಂತವನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. 1851ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ ಮತ್ತು ಮೈಸಿ ಅವರು ಸಾಂಚಿ ಹಾಗೂ ಅದರ ಸಮೀಪದ ಸ್ತೂಪಗಳನ್ನು ತೆರೆದಾಗ ದೊರೆತ ಅಸ್ಥಿಕರಂಡಕಗಳ ಮೇಲೆ ಮಜ್ಝಿಮನ ಹೆಸರೂ, ಹಿಮವಂತ ಪ್ರದೇಶದ ಆಚಾರ್ಯನಾದ ಕಾಸಪಗೋತನ ಹೆಸರೂ ಕೆತ್ತಲ್ಪಟ್ಟಿದ್ದವು. ಗ್ರಂಥದಲ್ಲಿ ಹಿಮಾಲಯಕ್ಕೆ ಹೋದರೆಂದು ಹೇಳಲಾದವರ ಹೆಸರುಗಳೇ ಕಲ್ಲಿನ ಕರಂಡಕಗಳಲ್ಲಿ ಕಂಡುಬಂದುದು ಪರಂಪರೆಯಲ್ಲಿ ಸತ್ಯಾಂಶವಿದೆ ಎಂಬುದಕ್ಕೆ ಬಲವಾದ ಆಧಾರವಾಯಿತು.

5. ಶ್ರೀಲಂಕಾ

ಅಶೋಕನ ಪುತ್ರನೆಂದು ಹೇಳಲಾದ ಮಹಿಂದ ಥೇರನು ಮಿಹಿಂತಲೆ ಬೆಟ್ಟದಲ್ಲಿ ದೊರೆ ದೇವಾನಂಪಿಯ ತಿಸ್ಸನನ್ನು ಭೇಟಿಯಾದನೆಂಬ ಸಂಪ್ರದಾಯವಿದ್ದು, ಆ ದಿನವನ್ನು ಇಂದಿಗೂ ಅಲ್ಲಿ ಪೋಸೋನ್ ಹುಣ್ಣಿಮೆಯಾಗಿ ಆಚರಿಸಲಾಗುತ್ತಿದೆ. ಮಹಿಂದನ ಸೋದರಿ ಸಂಘಮಿತ್ತೆಯು ಬೋಧಿವೃಕ್ಷದ ಶಾಖೆಯನ್ನು ತಂದು ಅನುರಾಧಪುರದಲ್ಲಿ ನೆಡಿಸಿದಳಲ್ಲದೆ ಅಲ್ಲಿನ ಸ್ತ್ರೀಯರಿಗೆ ಭಿಕ್ಷುಣಿ ದೀಕ್ಷೆಯನ್ನೂ ನೀಡಿದಳೆಂದು ಹೇಳಲಾಗಿದೆ. ಅಲ್ಲಿ ಸ್ಥಾಪಿತವಾದ ಮಹಾವಿಹಾರವು ಥೇರವಾದದ ಕೇಂದ್ರವಾಯಿತು.

ಅದುವರೆಗೆ ಬಾಯಿಂದ ಬಾಯಿಗೆ ಬಂದಿದ್ದ ತ್ರಿಪಿಟಕವನ್ನು ಕ್ರಿ.ಪೂ. ಒಂದನೆಯ ಶತಮಾನದಲ್ಲಿ, ವಟ್ಟಗಾಮಣಿ ಅಭಯನ ಕಾಲದಲ್ಲಿ ಬರಹಕ್ಕೆ ಇಳಿಸಲಾಯಿತು. ಪರಂಪರೆಯ ಪ್ರಕಾರ ಈ ಕಾರ್ಯವು ಅಲುವಿಹಾರದಲ್ಲಿ ನಡೆಯಿತು. ಯುದ್ಧ ಮತ್ತು ಕ್ಷಾಮದಿಂದ ಕಂಠಪಾಠ ಬಲ್ಲ ಭಿಕ್ಷುಗಳು ಕಡಿಮೆಯಾಗಿ, ಧರ್ಮವೇ ಮರೆತುಹೋದೀತೆಂಬ ಆತಂಕ ಇದಕ್ಕೆ ಕಾರಣವಾಗಿತ್ತು. ಕ್ರಿ.ಶ. ಐದನೆಯ ಶತಮಾನದಲ್ಲಿ ಭಾರತದಿಂದ ಹೋದ ಬುದ್ಧಘೋಷನು ಅಲ್ಲಿ ಪಾಲಿ ಅಟ್ಠಕಥೆಗಳನ್ನು (ವ್ಯಾಖ್ಯಾನಗಳು) ರಚಿಸಿದನು.

6. ವರ್ತಕರು ಮತ್ತು ದಾನಿಗಳು

ಧರ್ಮಪ್ರಸಾರವು ಅರಸರ ಆಶ್ರಯದಿಂದ ಮಾತ್ರ ನಡೆಯಿತೆಂಬ ಭಾವನೆಯನ್ನು ಶಾಸನಗಳು ಸಮರ್ಥಿಸುವುದಿಲ್ಲ. ಸಾಂಚಿ ಮತ್ತು ಭಾರ್ಹುತ್ ಸ್ತೂಪಗಳ ಕಂಬ, ಅಡ್ಡಪಟ್ಟಿ ಹಾಗೂ ತೋರಣಗಳ ಮೇಲಿನ ನೂರಾರು ದಾನಶಾಸನಗಳಲ್ಲಿ ಗೃಹಸ್ಥರು, ವರ್ತಕರು, ಕುಶಲಕರ್ಮಿಗಳು, ಭಿಕ್ಷುಗಳು ಮತ್ತು ಗಣನೀಯ ಸಂಖ್ಯೆಯ ಭಿಕ್ಷುಣಿಯರ ಹೆಸರುಗಳಿವೆ. ಸಾಂಚಿಯ ದಕ್ಷಿಣ ತೋರಣದ ಒಂದು ಶಿಲ್ಪವನ್ನು ವಿದಿಶೆಯ ದಂತದ ಕೆಲಸಗಾರರು ಕೆತ್ತಿದರೆಂದು ಶಾಸನವೇ ಹೇಳುತ್ತದೆ.

ಪಶ್ಚಿಮಘಟ್ಟದ ಗುಹಾವಿಹಾರಗಳು ಕರಾವಳಿಯ ಬಂದರುಗಳಿಂದ ದಖ್ಖನಿನ ಪಟ್ಟಣಗಳಿಗೆ ಹೋಗುವ ದಾರಿಗಳ ಬದಿಯಲ್ಲಿವೆ. ಮಹಾರಾಷ್ಟ್ರದ ಕಾರ್ಲೆಯ ಪ್ರಸಿದ್ಧ ಚೈತ್ಯಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂದು ಅಲ್ಲಿನ ಶಾಸನದಿಂದ ತಿಳಿದುಬರುತ್ತದೆ. ಈ ವೈಜಯಂತಿಯನ್ನು ವಿದ್ವಾಂಸರು ಬನವಾಸಿಯೊಂದಿಗೆ ಗುರುತಿಸಿದ್ದಾರೆ. ಇದೇ ಕಾರ್ಲೆಯ ಕಂಬಗಳಲ್ಲಿ ಯವನರೆಂದು ಹೇಳಿಕೊಂಡ ದಾನಿಗಳ ಹೆಸರುಗಳೂ ಇರುತ್ತವೆ.

ಆಂಧ್ರದ ನಾಗಾರ್ಜುನಕೊಂಡದಲ್ಲಿ ಕ್ರಿ.ಶ. ಮೂರನೆಯ ಶತಮಾನದಲ್ಲಿ ಇಕ್ಷ್ವಾಕು ಮನೆತನದ ಸ್ತ್ರೀಯರೂ ಸಾಮಾನ್ಯ ಉಪಾಸಿಕೆಯರೂ ಅನೇಕ ವಿಹಾರಗಳನ್ನು ಕಟ್ಟಿಸಿದರು. ಬೋಧಿಸಿರಿ ಎಂಬ ಉಪಾಸಿಕೆಯ ಶಾಸನವು ಕಾಶ್ಮೀರ, ಗಾಂಧಾರ, ಚೀನ, ಅಪರಾಂತ, ವಂಗ, ವನವಾಸಿ, ಯವನ ಮುಂತಾದ ನಾಡುಗಳಲ್ಲಿ ಧರ್ಮವನ್ನು ಬೆಳಗಿಸಿದ ತಾಮ್ರಪರ್ಣಿಯ ಆಚಾರ್ಯರನ್ನು ಸ್ಮರಿಸುತ್ತದೆ. ವನವಾಸದ ಮಹಾರಾಜನ ಪತ್ನಿಯಾಗಿದ್ದ ಇಕ್ಷ್ವಾಕು ರಾಜಕುಮಾರಿ ಕೊಡಬಲಿಸಿರಿಯು ಅಲ್ಲಿಯೇ ಮಹೀಶಾಸಕ ಪಂಥದ ಆಚಾರ್ಯರಿಗಾಗಿ ವಿಹಾರವನ್ನು ನಿರ್ಮಿಸಿದಳು.

7. ಗಾಂಧಾರ ಮತ್ತು ಮಧ್ಯ ಏಷ್ಯಾ

ವಾಯವ್ಯ ಭಾಗದಲ್ಲಿ ಗ್ರೀಕ್, ಶಕ ಮತ್ತು ಕುಷಾಣ ಅರಸರ ಆಳ್ವಿಕೆಯಲ್ಲಿ ಬೌದ್ಧಧರ್ಮವು ಹೊಸ ರೂಪಗಳನ್ನು ಪಡೆಯಿತು. ಕ್ರಿ.ಪೂ. ಎರಡನೆಯ ಶತಮಾನದ ಇಂಡೋ-ಗ್ರೀಕ್ ದೊರೆ ಮಿನಾಂಡರನು ಪಾಲಿಯ ಮಿಲಿಂದಪಞ್ಹ ಗ್ರಂಥದಲ್ಲಿ ನಾಗಸೇನ ಭಿಕ್ಷುವಿಗೆ ಪ್ರಶ್ನೆಗಳನ್ನು ಕೇಳುವ ಮಿಲಿಂದನಾಗಿ ಕಾಣಿಸಿಕೊಂಡಿದ್ದಾನೆ. ಕುಷಾಣ ಸಾಮ್ರಾಟ ಕನಿಷ್ಕನ ನಾಣ್ಯಗಳಲ್ಲಿ ಗ್ರೀಕ್ ಅಕ್ಷರಗಳಲ್ಲಿ 'ಬೊದ್ದೊ' ಎಂಬ ಹೆಸರಿನೊಂದಿಗೆ ಬುದ್ಧನ ರೂಪವಿದೆ. ಹಿಂದೆ ಪಾದಚಿಹ್ನೆ, ಬೋಧಿವೃಕ್ಷ, ಚಕ್ರ ಮುಂತಾದ ಸಂಕೇತಗಳಿಂದ ಸೂಚಿಸಲ್ಪಡುತ್ತಿದ್ದ ಬುದ್ಧನಿಗೆ ಮಥುರಾ ಮತ್ತು ಗಾಂಧಾರಗಳಲ್ಲಿ ಮಾನವರೂಪದ ಪ್ರತಿಮೆಗಳು ರಚನೆಯಾದವು. ಭಾಷೆ ಅರಿಯದ ಜನರಿಗೂ ಪ್ರತಿಮೆಯು ಧರ್ಮವನ್ನು ತಲುಪಿಸುವ ಸಾಧನವಾಯಿತು.

ಭೂರ್ಜಪತ್ರದ ಮೇಲೆ ಗಾಂಧಾರಿ ಭಾಷೆಯಲ್ಲಿ, ಖರೋಷ್ಠಿ ಲಿಪಿಯಲ್ಲಿ ಬರೆದ ಸುರುಳಿಗಳು ಉಳಿದುಬಂದಿರುವ ಅತ್ಯಂತ ಹಳೆಯ ಬೌದ್ಧ ಹಸ್ತಪ್ರತಿಗಳೆನಿಸಿವೆ. ಇವುಗಳಲ್ಲಿ ಕ್ರಿ.ಶ. ಒಂದನೆಯ ಶತಮಾನಕ್ಕೆ ಸೇರಿದ ಒಂದು ಸಂಗ್ರಹವು 1994ರಲ್ಲಿ ಬ್ರಿಟಿಷ್ ಗ್ರಂಥಾಲಯವನ್ನು ಸೇರಿತು.

ಗಾಂಧಾರದಿಂದ ಹೊರಟ ದಾರಿಗಳು ಬಾಮಿಯಾನ್, ಬಾಕ್ಟ್ರಿಯಾಗಳ ಮೂಲಕ ತಾರಿಮ್ ಜಲಾನಯನ ಪ್ರದೇಶದ ಖೋತಾನ್, ಕೂಚಾ, ತುರ್ಫಾನ್ ಎಂಬ ಮರುಭೂಮಿಯ ಓಯಸಿಸ್ ಪಟ್ಟಣಗಳನ್ನು ತಲುಪಿ, ಅಲ್ಲಿಂದ ಚೀನಾದ ದುನ್‌ಹುವಾಂಗ್‌ಗೆ ಸೇರುತ್ತಿದ್ದವು. ಬಾಮಿಯಾನ್‌ನ ಬಂಡೆಯಲ್ಲಿ ಕೆತ್ತಿದ್ದ, ಸುಮಾರು 38 ಮತ್ತು 55 ಮೀಟರ್ ಎತ್ತರದ ಎರಡು ಬುದ್ಧವಿಗ್ರಹಗಳನ್ನು 2001ರ ಮಾರ್ಚ್ ತಿಂಗಳಿನಲ್ಲಿ ಸ್ಫೋಟಿಸಿ ನಾಶಪಡಿಸಲಾಯಿತು. ದುನ್‌ಹುವಾಂಗ್ ಬಳಿಯ ಮೊಗಾವೊ ಗುಹೆಗಳ ನಿರ್ಮಾಣವು ಕ್ರಿ.ಶ. 366ರಲ್ಲಿ ಆರಂಭವಾಯಿತೆಂದು ಹೇಳಲಾಗಿದೆ. 1900ರಲ್ಲಿ ಅಲ್ಲಿ ಪತ್ತೆಯಾದ ಮುಚ್ಚಿದ ಕೋಣೆಯಲ್ಲಿ ಸಾವಿರಾರು ಹಸ್ತಪ್ರತಿಗಳೊಂದಿಗೆ ಕ್ರಿ.ಶ. 868ರ ದಿನಾಂಕವುಳ್ಳ ವಜ್ರಚ್ಛೇದಿಕಾ ಸೂತ್ರದ ಮುದ್ರಿತ ಪ್ರತಿಯೂ ದೊರೆಯಿತು.

8. ಚೀನಾ

ಹಾನ್ ವಂಶದ ಸಾಮ್ರಾಟ ಮಿಂಗ್ ಕನಸಿನಲ್ಲಿ ಸುವರ್ಣಪುರುಷನನ್ನು ಕಂಡು ದೂತರನ್ನು ಕಳುಹಿಸಿದನೆಂದೂ, ಬಿಳಿಯ ಕುದುರೆಯ ಮೇಲೆ ಗ್ರಂಥಗಳು ಲುವೊಯಾಂಗ್ ನಗರಕ್ಕೆ ಬಂದವೆಂದೂ ಐತಿಹ್ಯವಿದೆ. ಇತಿಹಾಸದ ದಾಖಲೆಗಳಲ್ಲಿ ಕ್ರಿ.ಶ. 65ರಲ್ಲಿ ಚು ಪ್ರಾಂತ್ಯದ ರಾಜಕುಮಾರ ಯಿಂಗ್ ಬುದ್ಧನನ್ನು ಪೂಜಿಸುತ್ತಿದ್ದನೆಂಬ ಉಲ್ಲೇಖವು ದೊರೆಯುತ್ತದೆ.

ಚೀನೀ ಭಾಷೆಗೆ ಗ್ರಂಥಗಳನ್ನು ತಂದ ಮೊದಲಿಗರಲ್ಲಿ ಹಲವರು ಭಾರತೀಯರಲ್ಲ. ಕ್ರಿ.ಶ. 148ರಲ್ಲಿ ಲುವೊಯಾಂಗ್ ತಲುಪಿದ ಆನ್ ಶಿಗಾವೊ ಪಾರ್ಥಿಯಾ ದೇಶದವನು. ಎರಡನೆಯ ಶತಮಾನದ ಕೊನೆಯಲ್ಲಿ ಮಹಾಯಾನ ಸೂತ್ರಗಳನ್ನು ಅನುವಾದಿಸಿದ ಲೋಕಕ್ಷೇಮನು ಕುಷಾಣ ಸೀಮೆಯವನು. ಆರಂಭದಲ್ಲಿ ಬೌದ್ಧ ಪರಿಭಾಷೆಗೆ ದಾವೊ ಮತದ ಪದಗಳನ್ನೇ ಬಳಸಲಾಗುತ್ತಿದ್ದು, ಇದರಿಂದ ಅರ್ಥ ಕೆಡುವುದೆಂದು ಭಿಕ್ಷು ದಾವೊಆನ್ (ಕ್ರಿ.ಶ. 312–385) ಆಕ್ಷೇಪಿಸಿದನು. ಕೂಚಾದ ಕುಮಾರಜೀವನು ಭಾರತೀಯ ತಂದೆಗೂ ಆ ರಾಜ್ಯದ ಅರಸನ ಸೋದರಿಗೂ ಜನಿಸಿದವನು. ಕ್ರಿ.ಶ. 384ರಲ್ಲಿ ಚೀನೀ ಸೇನಾಪತಿಯಿಂದ ಸೆರೆಯಾಗಿ ಸುಮಾರು 17 ವರ್ಷ ಲಿಯಾಂಗ್‌ಝೌನಲ್ಲಿ ಉಳಿದ ಈತನು 401ರ ಕೊನೆಯಲ್ಲಿ ರಾಜಧಾನಿ ಚಾಂಗ್‌ಆನ್ ಸೇರಿ, ವಿದ್ವಾಂಸರ ದೊಡ್ಡ ತಂಡದೊಂದಿಗೆ ಸದ್ಧರ್ಮಪುಂಡರೀಕ, ವಿಮಲಕೀರ್ತಿನಿರ್ದೇಶ ಮುಂತಾದ ಗ್ರಂಥಗಳನ್ನು ಅನುವಾದಿಸಿದನು. ಇವು ಇಂದಿಗೂ ಪೂರ್ವ ಏಷ್ಯಾದಲ್ಲಿ ಪಠಣದಲ್ಲಿವೆ.

ಈ ಧರ್ಮಕ್ಕೆ ಚೀನಾದಲ್ಲಿ ವಿರೋಧವೂ ಇತ್ತು. ತಲೆ ಬೋಳಿಸುವುದು ತಂದೆತಾಯಿ ನೀಡಿದ ದೇಹಕ್ಕೆ ಅಗೌರವ, ಸಂನ್ಯಾಸವು ವಂಶವನ್ನು ಮುರಿಯುತ್ತದೆ, ಭಿಕ್ಷುಗಳು ಅರಸನಿಗೆ ನಮಸ್ಕರಿಸುವುದಿಲ್ಲ ಎಂಬ ಆಕ್ಷೇಪಣೆಗಳು ಮುಖ್ಯವಾದವು. ಭಿಕ್ಷುಗಳು ಅರಸನಿಗೆ ಏಕೆ ಬಾಗಬೇಕಾಗಿಲ್ಲವೆಂಬುದನ್ನು ವಿವರಿಸಿ ಹುಯಿಯುವಾನ್ ಎಂಬ ಭಿಕ್ಷು ಕ್ರಿ.ಶ. 404ರಲ್ಲಿ ಗ್ರಂಥವನ್ನೇ ಬರೆದನು. ಕ್ರಿ.ಶ. 446ರಲ್ಲಿ ಉತ್ತರ ವೇಯಿ ವಂಶದ ಸಾಮ್ರಾಟ ತಾಯಿವು ವಿಹಾರಗಳನ್ನು ನಾಶಮಾಡಲು ಆದೇಶಿಸಿದನು. ಆದರೆ ಅದೇ ವಂಶದವರು ಕ್ರಿ.ಶ. 460ರಿಂದ ಯುನ್‌ಗಾಂಗ್ ಗುಹೆಗಳ ಬೃಹತ್ ಬುದ್ಧವಿಗ್ರಹಗಳನ್ನು ಕೆತ್ತಿಸಿದರು.

ಚೀನೀ ಯಾತ್ರಿಕರು ಮೂಲಗ್ರಂಥಗಳನ್ನು ಅರಸಿ ಭಾರತಕ್ಕೆ ಬಂದರು. ಫಾಹಿಯಾನ್ ಕ್ರಿ.ಶ. 399ರಲ್ಲಿ ಭೂಮಾರ್ಗವಾಗಿ ಹೊರಟು, ಶ್ರೀಲಂಕಾ ಮತ್ತು ಜಾವಾ ಮೂಲಕ ಸಮುದ್ರಮಾರ್ಗದಲ್ಲಿ ಹಿಂದಿರುಗಿದನು. ಹ್ಯೂಯೆನ್ ತ್ಸಾಂಗ್ ಕ್ರಿ.ಶ. 629ರಿಂದ 645ರವರೆಗೆ ಪ್ರವಾಸ ಮಾಡಿ 657 ಗ್ರಂಥಗಳೊಂದಿಗೆ ಸ್ವದೇಶ ಸೇರಿದನು. ಈತನ ಬರಹದಲ್ಲಿ ಹರ್ಷನಿಗೆ ಮಣಿಯದ ಬಾದಾಮಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ವರ್ಣನೆಯಿದೆ. ಇತ್ಸಿಂಗ್ ಕ್ರಿ.ಶ. 671ರಲ್ಲಿ ಸಮುದ್ರಮಾರ್ಗವಾಗಿ ಹೊರಟು ಶ್ರೀವಿಜಯ ಮತ್ತು ನಾಲಂದಾಗಳಲ್ಲಿ ಅಧ್ಯಯನ ನಡೆಸಿದನು.

ಭಿಕ್ಷುಣಿ ಸಂಘದ ವಿಸ್ತರಣೆಯೂ ಗಮನಾರ್ಹವಾದುದು. ಕ್ರಿ.ಶ. 429ರಲ್ಲಿ ಹಾಗೂ ಅದರ ಕೆಲವು ವರ್ಷಗಳ ನಂತರ ಸಿಂಹಳದ ಭಿಕ್ಷುಣಿಯರು ಹಡಗಿನಲ್ಲಿ ಚೀನಾ ತಲುಪಿದುದರಿಂದ, ಇಂದಿನ ನಾನ್‌ಜಿಂಗ್ ನಗರದಲ್ಲಿ ನೂರಾರು ಚೀನೀ ಸ್ತ್ರೀಯರು ವಿನಯದ ನಿಯಮದಂತೆ ಪೂರ್ಣ ದೀಕ್ಷೆ ಪಡೆಯಲು ಸಾಧ್ಯವಾಯಿತು.

9. ಕೊರಿಯಾ ಮತ್ತು ಜಪಾನ್

ಕೊರಿಯಾದ ಮೂರು ರಾಜ್ಯಗಳ ಪೈಕಿ ಗೊಗುರ್ಯೊ ರಾಜ್ಯಕ್ಕೆ ಕ್ರಿ.ಶ. 372ರಲ್ಲಿ ಚೀನಾದಿಂದ ಸುಂದೊ ಎಂಬ ಭಿಕ್ಷುವೂ, ಬೇಕ್ಜೆ ರಾಜ್ಯಕ್ಕೆ 384ರಲ್ಲಿ ಮರಾನಂತ ಎಂಬ ಭಿಕ್ಷುವೂ ಬಂದರು. ಸಿಲ್ಲಾ ರಾಜ್ಯದಲ್ಲಿ ಸರದಾರರ ವಿರೋಧ ಬಲವಾಗಿದ್ದು, ಇಚಾದೊನ್ ಎಂಬ ಅಧಿಕಾರಿಯ ಬಲಿದಾನದ ತರುವಾಯ, ಕ್ರಿ.ಶ. 527ರ ಸುಮಾರಿಗೆ ಅರಸ ಬೊಪ್‌ಹುಂಗ್ ಧರ್ಮಕ್ಕೆ ಮನ್ನಣೆ ನೀಡಿದನು.

ಬೇಕ್ಜೆಯ ಅರಸನು ಜಪಾನಿನ ಆಸ್ಥಾನಕ್ಕೆ ಬುದ್ಧವಿಗ್ರಹ ಹಾಗೂ ಸೂತ್ರಗಳನ್ನು ಕಳುಹಿಸಿದುದು ಒಂದು ಆಕರದ ಪ್ರಕಾರ ಕ್ರಿ.ಶ. 538ರಲ್ಲಿ, ಇನ್ನೊಂದರ ಪ್ರಕಾರ 552ರಲ್ಲಿ. ಪರದೇಶದ ದೇವರನ್ನು ಒಪ್ಪಬೇಕೆ ಎಂಬ ವಿಷಯದಲ್ಲಿ ಸೋಗ ಮತ್ತು ಮೊನೊನೊಬೆ ಮನೆತನಗಳ ನಡುವೆ ಉಂಟಾದ ಕಲಹವು 587ರಲ್ಲಿ ಸೋಗ ಮನೆತನದ ಗೆಲುವಿನೊಂದಿಗೆ ಕೊನೆಗೊಂಡಿತು. ಜಪಾನಿನಲ್ಲಿ ಮೊದಲು ದೀಕ್ಷೆ ಪಡೆದವರು ಮೂವರು ಸ್ತ್ರೀಯರು (ಕ್ರಿ.ಶ. 584). ರಾಜಕುಮಾರ ಶೊತೊಕುವಿನ ಹೆಸರಿನೊಂದಿಗೆ ಸೇರಿರುವ ಹೋರ್ಯುಜಿ ದೇವಾಲಯ ಸಮುಚ್ಚಯದ ಕಟ್ಟಡಗಳು ಪ್ರಪಂಚದಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳ ಪೈಕಿ ಸೇರಿವೆ.

10. ಆಗ್ನೇಯ ಏಷ್ಯಾ

ಮಾನ್ಸೂನ್ ಗಾಳಿಯನ್ನು ಅನುಸರಿಸಿ ಸಾಗುತ್ತಿದ್ದ ಹಡಗುಗಳು ಮರುಗಾಳಿಗಾಗಿ ಬಂದರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಇಂತಹ ಬಂದರುಗಳಲ್ಲಿ ಧರ್ಮ, ಲಿಪಿ ಮತ್ತು ಕಲೆಗಳ ವಿನಿಮಯ ನಡೆಯಿತು. ಮಲೇಷ್ಯಾದ ಕೆಡಾ ಪ್ರದೇಶದಲ್ಲಿ ದೊರೆತ ಸುಮಾರು ಐದನೆಯ ಶತಮಾನದ ಶಿಲಾಶಾಸನವು ಬಂಗಾಳದ ರಕ್ತಮೃತ್ತಿಕೆಯ ಮಹಾನಾವಿಕ ಬುದ್ಧಗುಪ್ತನ ಯಾತ್ರೆಯು ಸಫಲವಾಗಲೆಂಬ ಆಶಯವನ್ನು ಹೊಂದಿದ್ದು, ಸ್ತೂಪದ ಚಿತ್ರವನ್ನೂ ಒಳಗೊಂಡಿದೆ.

ಮ್ಯಾನ್ಮಾರ್‌ನ ಪ್ಯೂ ಜನರ ರಾಜಧಾನಿಯಾದ ಶ್ರೀಕ್ಷೇತ್ರದಲ್ಲಿ ಸುಮಾರು ಐದು–ಆರನೆಯ ಶತಮಾನಗಳ ಪಾಲಿ ಬರಹವುಳ್ಳ ಚಿನ್ನದ ಓಲೆಗಳು ದೊರೆತಿವೆ. ಇವುಗಳ ಲಿಪಿಯು ದಕ್ಷಿಣ ಭಾರತದ ಕದಂಬ ಹಾಗೂ ಪಲ್ಲವ ಮಾದರಿಯ ಲಿಪಿಗಳಿಗೆ ಹತ್ತಿರವಾದುದೆಂದು ವಿದ್ವಾಂಸರು ಗುರುತಿಸಿದ್ದಾರೆ. ಥಾಯ್ಲೆಂಡಿನ ದ್ವಾರಾವತಿ ನೆಲೆಗಳಲ್ಲಿ ಕಲ್ಲಿನ ಧರ್ಮಚಕ್ರಗಳು ಕಂಡುಬಂದಿವೆ. ಮೆಕಾಂಗ್ ಮುಖಜ ಭೂಮಿಯ ಫುನಾನ್ ರಾಜ್ಯದಿಂದ ಸಂಘಭರ ಮತ್ತು ಮಂದ್ರಸೇನ ಎಂಬ ಭಿಕ್ಷುಗಳು ಆರನೆಯ ಶತಮಾನದ ಆರಂಭದಲ್ಲಿ ಚೀನಾಕ್ಕೆ ತೆರಳಿ ಅನುವಾದ ಕಾರ್ಯದಲ್ಲಿ ತೊಡಗಿದರು. ಫಾಹಿಯಾನ್ ಬಂದಾಗ ಜಾವಾದಲ್ಲಿ ಬೌದ್ಧಧರ್ಮವು ಹೇಳಿಕೊಳ್ಳುವಷ್ಟು ಇರಲಿಲ್ಲ. ಸುಮಾರು ನಾಲ್ಕು ಶತಮಾನಗಳ ತರುವಾಯ ಅದೇ ದ್ವೀಪದಲ್ಲಿ ಬೊರೊಬುದೂರಿನ ಮಹಾಸ್ತೂಪವು ರೂಪುಗೊಂಡಿತು.

11. ಟಿಬೆಟ್

ಟಿಬೆಟ್‌ಗೆ ಬೌದ್ಧಧರ್ಮವು ಏಳನೆಯ ಶತಮಾನದಲ್ಲಿ, ದೊರೆ ಸೊಂಗ್‌ತ್ಸೆನ್ ಗಂಪೊ ಕಾಲದಲ್ಲಿ ಪ್ರವೇಶಿಸಿತು. ಭಾರತೀಯ ಮೂಲದ ಲಿಪಿಯನ್ನು ಆಧರಿಸಿದ ಟಿಬೆಟಿಯನ್ ಬರಹವೂ ಇದೇ ಕಾಲದ್ದೆಂದು ಹೇಳಲಾಗಿದೆ. ಎಂಟನೆಯ ಶತಮಾನದಲ್ಲಿ ತ್ರಿಸೊಂಗ್ ದೆತ್ಸೆನ್ ದೊರೆಯ ಆಹ್ವಾನದ ಮೇರೆಗೆ ಆಚಾರ್ಯ ಶಾಂತರಕ್ಷಿತ ಮತ್ತು ಪದ್ಮಸಂಭವರು ತೆರಳಿ ಸಮ್ಯೆ ವಿಹಾರದ ಸ್ಥಾಪನೆಗೆ ಕಾರಣರಾದರು. ಒಂಬತ್ತನೆಯ ಶತಮಾನದ ಆರಂಭದಲ್ಲಿ ಅನುವಾದಗಳಲ್ಲಿ ಏಕರೂಪತೆ ತರುವ ಸಲುವಾಗಿ ಮಹಾವ್ಯುತ್ಪತ್ತಿ ಎಂಬ ಸಂಸ್ಕೃತ–ಟಿಬೆಟಿಯನ್ ಪದಕೋಶವನ್ನು ಸಿದ್ಧಪಡಿಸಲಾಯಿತು. ಭಾರತದಲ್ಲಿ ಮೂಲ ಕಳೆದುಹೋದ ಅನೇಕ ಸಂಸ್ಕೃತ ಗ್ರಂಥಗಳು ಇಂದು ಟಿಬೆಟಿಯನ್ ಮತ್ತು ಚೀನೀ ಅನುವಾದಗಳಲ್ಲಿ ಮಾತ್ರ ಉಳಿದಿವೆ. ಈ ಪರಂಪರೆಯನ್ನು ಮುಂದುವರಿಸುತ್ತಿರುವ ವಿಹಾರಗಳನ್ನು 1960ರ ದಶಕದಲ್ಲಿ ಆರಂಭಗೊಂಡ ಬೈಲುಕುಪ್ಪೆ ಮತ್ತು ಮುಂಡಗೋಡದ ಟಿಬೆಟಿಯನ್ ನೆಲೆಗಳಲ್ಲಿ ಕಾಣಬಹುದು.

12. ಕರ್ನಾಟಕದಲ್ಲಿನ ಕುರುಹುಗಳು

ಅ) ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮುರು ತಾಲ್ಲೂಕು: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಇವುಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿ ಇವು ಇರುತ್ತವೆ. ಕೊನೆಯಲ್ಲಿ ಲಿಪಿಕಾರ ಚಪಡನು 'ಲಿಪಿಕಾರ' ಎಂಬ ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದು, ವಾಯವ್ಯದ ಲಿಪಿ ಬಲ್ಲವನೊಬ್ಬನು ಇಲ್ಲಿಯವರೆಗೆ ಬಂದಿದ್ದನೆಂಬುದು ಇದರಿಂದ ತಿಳಿಯುತ್ತದೆ.

ಆ) ರಾಯಚೂರು ಜಿಲ್ಲೆ, ಮಸ್ಕಿ: 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಗುರುತಿಸಿದ ಶಾಸನ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ದೊರೆತುದು 'ದೇವಾನಂಪಿಯ ಪಿಯದಸಿ' ಎಂಬ ಬಿರುದು ಮಾತ್ರ. 'ಅಶೋಕ' ಎಂಬ ಹೆಸರು ಶಾಸನದಲ್ಲಿಯೇ ಮೊದಲು ಓದಲ್ಪಟ್ಟುದು ಮಸ್ಕಿಯಲ್ಲಿ.

ಇ) ಕೊಪ್ಪಳ ಜಿಲ್ಲೆ: ಗವಿಮಠ ಮತ್ತು ಪಾಲ್ಕಿಗುಂಡು. ಬಳ್ಳಾರಿ ಜಿಲ್ಲೆ: ನಿಟ್ಟೂರು ಮತ್ತು ಉದೇಗೊಳ.

ಈ) ಕಲಬುರಗಿ ಜಿಲ್ಲೆ, ಸನ್ನತಿ ಮತ್ತು ಕನಗನಹಳ್ಳಿ: ಸನ್ನತಿಯ ದೇವಾಲಯದಲ್ಲಿ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲುಹಾಸಿನ ಮೇಲೆ ಅಶೋಕನ ಬೃಹತ್ ಶಾಸನಗಳಿರುವುದು 1980ರ ದಶಕದ ಕೊನೆಯ ಭಾಗದಲ್ಲಿ ತಿಳಿದುಬಂದಿತು. ಭೀಮಾ ನದಿಯ ದಡದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಮಹಾಸ್ತೂಪವೊಂದು ಬೆಳಕಿಗೆ ಬಂದು, 'ರಾಯ ಅಸೋಕೊ' ಎಂಬ ಬ್ರಾಹ್ಮೀ ಬರಹವುಳ್ಳ ಅಶೋಕನ ಶಿಲ್ಪವು ದೊರೆಯಿತು.

ಉ) ನಂತರದ ಕಾಲದ ಕುರುಹುಗಳು: ಮಂಗಳೂರಿನ ಕದ್ರಿಯಲ್ಲಿ ಕ್ರಿ.ಶ. 968ರ ಲೋಕೇಶ್ವರ ಕಂಚಿನ ವಿಗ್ರಹ, ಬಳ್ಳಿಗಾವೆಯಲ್ಲಿ ಕ್ರಿ.ಶ. 1065ರ ಬೌದ್ಧ ವಿಹಾರದ ಶಾಸನ ಹಾಗೂ ಗದಗ ಜಿಲ್ಲೆಯ ಡಂಬಳದಲ್ಲಿ ಕ್ರಿ.ಶ. 1095ರ ಸುಮಾರಿನ ತಾರಾದೇವಿಯ ಉಲ್ಲೇಖವುಳ್ಳ ಶಾಸನ.

13. ಪ್ರಸಾರಕ್ಕೆ ಪೂರಕವಾದ ಅಂಶಗಳು

ಮೇಲ್ಕಂಡ ವಿವರಗಳಿಂದ ನಾಲ್ಕು ಅಂಶಗಳು ಸ್ಪಷ್ಟವಾಗುತ್ತವೆ. ವ್ಯಾಪಾರಮಾರ್ಗಗಳು ಸಂಚಾರಕ್ಕೆ ದಾರಿಯನ್ನೂ ವಿಹಾರಗಳಿಗೆ ದಾನಿಗಳನ್ನೂ ಒದಗಿಸಿದವು. ಕೆಲವೇ ಭಿಕ್ಷುಗಳಿಂದ ಹೊಸ ನಾಡಿನಲ್ಲಿ ಸಂಘ ಕಟ್ಟಲು ವಿನಯದ ನಿಯಮಗಳು ಅವಕಾಶ ನೀಡಿದವು. ಒಂದೇ ಪವಿತ್ರ ಭಾಷೆಗೆ ಅಂಟಿಕೊಳ್ಳದೆ ಪಾಲಿ, ಗಾಂಧಾರಿ, ಸಂಸ್ಕೃತ, ಚೀನೀ, ಟಿಬೆಟಿಯನ್ ಭಾಷೆಗಳಲ್ಲಿ ಗ್ರಂಥಗಳು ಬೆಳೆದವು. ಅರಸರ ಮನ್ನಣೆಯು ಬಹಳಷ್ಟು ಕಡೆ ಇವೆಲ್ಲದರ ನಂತರ ಬಂದಿತು. ಆಶ್ರಯ ತಪ್ಪಿದ ಕಡೆಗಳಲ್ಲಿ ವಿಹಾರಗಳು ಪಾಳುಬಿದ್ದು ಮಣ್ಣಿನ ದಿಬ್ಬಗಳಾದವು. ಕನಗನಹಳ್ಳಿಯ ಮಹಾಸ್ತೂಪವೂ ಉತ್ಖನನಕ್ಕೆ ಮೊದಲು ಅಂತಹ ಒಂದು ದಿಬ್ಬವೇ ಆಗಿತ್ತು.

14. ಸಾರ್ವಜನಿಕರ ಗಮನಕ್ಕೆ

ಈ ಇತಿಹಾಸದ ಬಹುಪಾಲು ಆಧಾರಗಳು ಹೊಲದ ಬದು, ಗುಡ್ಡದ ಬಂಡೆ ಮತ್ತು ಊರ ದೇವಾಲಯದ ಕಲ್ಲುಗಳಲ್ಲಿ ದೊರೆತಿವೆ. ಒಂದು ಬಂಡೆ ಒಡೆದರೆ ಅದರ ಮೇಲಿನ ಬರಹವನ್ನು ಮತ್ತೆ ಪಡೆಯುವುದು ಸಾಧ್ಯವಿಲ್ಲ. ಆದುದರಿಂದ ನಾಗರಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

• 1958ರ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗಿನ ಪ್ರದೇಶವು ನಿಷೇಧಿತ ಪ್ರದೇಶವಾಗಿದ್ದು, ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿರುವುದಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ.

• ನಿಯಂತ್ರಿತ ಪ್ರದೇಶದಲ್ಲಿ ಮನೆ ಕಟ್ಟುವವರು ಹಾಗೂ ನಿಷೇಧಿತ ಪ್ರದೇಶದಲ್ಲಿರುವ ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು ಸಕ್ಷಮ ಪ್ರಾಧಿಕಾರದಿಂದ ಮುಂಚಿತವಾಗಿ ಅನುಮತಿ ಪಡೆಯುವುದು ಕಡ್ಡಾಯ. ಅರ್ಜಿ ಸಲ್ಲಿಸುವ ಮೊದಲು ತಮ್ಮ ಜಮೀನು ಸ್ಮಾರಕದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

• ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಅಥವಾ ಅದನ್ನು ವಿರೂಪಗೊಳಿಸುವುದು ಎರಡು ವರ್ಷಗಳವರೆಗಿನ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧವಾಗಿರುತ್ತದೆ.

• ಉಳುಮೆ, ಬಾವಿ ತೋಡುವಿಕೆ ಅಥವಾ ಪಾಯ ತೆಗೆಯುವ ಸಂದರ್ಭದಲ್ಲಿ ಬರಹವುಳ್ಳ ಕಲ್ಲು, ಶಿಲ್ಪ, ನಾಣ್ಯ ಮುಂತಾದವು ದೊರೆತಲ್ಲಿ, ಅವುಗಳನ್ನು ಉಜ್ಜಿ ತೊಳೆಯದೆ, ಸ್ಥಳದಿಂದ ಕದಲಿಸದೆ, ತಹಶೀಲ್ದಾರರ ಅಥವಾ ಜಿಲ್ಲಾಧಿಕಾರಿಗಳ ಕಛೇರಿಗೆ ಕೂಡಲೇ ತಿಳಿಸತಕ್ಕದ್ದು.

• ಶಾಸನಗಳ ಅಕ್ಷರಗಳ ಮೇಲೆ ಸುಣ್ಣ, ಬಣ್ಣ ಅಥವಾ ಎಣ್ಣೆ ಹಚ್ಚುವುದು, ಹೆಸರು ಕೆತ್ತುವುದು ಮುಂತಾದವುಗಳನ್ನು ಮಾಡಬಾರದು.

ಸನ್ನತಿಯ ಶಾಸನವು ದೇವಾಲಯದ ಪೀಠವಾಗಿದ್ದುದರಿಂದಲೇ ಶತಮಾನಗಳ ಕಾಲ ಉಳಿದುಬಂದಿತು. ಅಂತಹ ಕಲ್ಲುಗಳು ಇನ್ನೂ ಅನೇಕ ಊರುಗಳಲ್ಲಿ ಇರಬಹುದಾಗಿದ್ದು, ಅವುಗಳ ರಕ್ಷಣೆಯಲ್ಲಿ ಗ್ರಾಮಸ್ಥರ ಸಹಕಾರವು ಅತ್ಯಗತ್ಯವಾಗಿದೆ.